ಕೆಂಪು ಸಿಲಿಂಡರಿಗೆ ಮುಂಗಡ ಕೊಡುವ ಮುನ್ನ

ನೆಲ ತೊಳೆಯುವ ಮಿಷನ್ನಿನ ಬ್ಯಾಟರಿ ಕಿತ್ತು ಹೈಡ್ರೋಜನ್ ಸೆಲ್ ಕೂರಿಸುತ್ತೀಯಂತೆ. ಒಳ್ಳೇದು ತಮ್ಮಾ. ನಮ್ಮ ಹೊಸಹಳ್ಳಿ ಕಡೆಯ ಹುಡುಗ ಬೆಂಗಳೂರಿಗೆ ಹೋಗಿ, ಆಸ್ಪತ್ರೆ, ಮಾಲುಗಳ ಹೌಸ್‌ಕೀಪಿಂಗ್ ಗುತ್ತಿಗೆ ಹಿಡಿದು, ಹತ್ತಾರು ಮನೆಗೆ ಸಂಬಳ ಕೊಡುವ ಮಟ್ಟಕ್ಕೆ ಬಂದಿದ್ದಾನೆ ಅಂದರೆ ನನಗಿಂತ ಹಿಗ್ಗುವವರು ಯಾರು? ಆದರೆ ನಿನ್ನ ಕಾಲು ಯಾವತ್ತೂ ತಲೆಗಿಂತ ಒಂದು ಫರ್ಲಾಂಗು ಮುಂದೆ. ಕೂಡ್ಲಿಗಿ ಸಂತೆಗೆ ಕಳಿಸಿದರೆ ಚೀಲ ಮನೆಯಲ್ಲೇ ಬಿಟ್ಟು ಬಸ್ಸು ಹತ್ತುತ್ತಿದ್ದವನು ನೀನು. ಮರೆತಿಲ್ಲ ನಾನು.

ನಾನೇನು ದೊಡ್ಡ ಓದು ಓದಿದವನಲ್ಲ. ಹೈವೇ ಪಕ್ಕ ಬ್ಯಾಟರಿ ಅಂಗಡಿ ಇಟ್ಟುಕೊಂಡು ಬದುಕಿದವನು. ಟ್ರ್ಯಾಕ್ಟರಿನದು, ಲಾರಿಯದು, ಮದುವೆ ಮನೆಯ ಮೈಕ್ ಸೆಟ್ಟಿನದು, ಎಲ್ಲ ಬ್ಯಾಟರಿಯೂ ನನ್ನ ಕೈ ದಾಟಿದೆ. ಈಗಿನ ಹೈಡ್ರೋಜನ್ ಸಮಾಚಾರವನ್ನೂ ಕಣ್ಣಿಗೆ ಬಿದ್ದಷ್ಟು ಓದಿದ್ದೇನೆ. ಬ್ಯಾಟರಿ ಮೇಲೆ ನಿನಗಿರುವ ಸಿಟ್ಟು ಸುಳ್ಳಲ್ಲ, ಅದನ್ನು ಮೊದಲೇ ಒಪ್ಪಿಬಿಡುತ್ತೇನೆ. ನಿನ್ನ ಸ್ಕ್ರಬ್ಬರಿನ ಹೊಟ್ಟೆಯಲ್ಲಿ 6 ವೋಲ್ಟಿನವು ನಾಲ್ಕು ಕೂತಿವೆ. ಎಲ್ಲ ಸೇರಿ ಒಂದು ಕ್ವಿಂಟಲ್ ಮೇಲೆ ತೂಕ. ಮೂರು ನಾಲ್ಕು ತಾಸು ಓಡಿ, ಎಂಟು ಹತ್ತು ತಾಸು ಚಾರ್ಜಿಗೆ ಮಲಗುತ್ತವೆ. ಅಷ್ಟರಲ್ಲಿ ಆಸ್ಪತ್ರೆಯವರು ಎರಡನೇ ಪಾಳಿಗೆ ನೆಲ ಎಲ್ಲಿ ತೊಳೆದಿದ್ದೀರಿ ಅಂತ ಕೇಳುತ್ತಾರೆ. ಹೈಡ್ರೋಜನ್ ಆದರೆ ಎರಡು ಮೂರು ನಿಮಿಷದಲ್ಲಿ ತುಂಬಿಸಿಕೊಂಡು ಮತ್ತೆ ಹೊರಡಬಹುದು ಅನ್ನುತ್ತಾನೆ ಮಾರುವವನು. ಅದೂ ನಿಜವೇ. ಅಮೆರಿಕದಲ್ಲಿ ವಾಲ್‌ಮಾರ್ಟ್, ಅಮೆಜಾನ್ ಗೋದಾಮುಗಳ ಫೋರ್ಕ್‌ಲಿಫ್ಟುಗಳು ಸಾವಿರಗಟ್ಟಲೆ ಹಾಗೇ ಓಡುತ್ತಿವೆ.

ಈಗ ನನ್ನ ಪ್ರಶ್ನೆ. ನಿನ್ನ ಬ್ಯಾಟರಿಗಳು ವಯಸ್ಸಾಗಿ ಸತ್ತವೋ, ಯಾರಾದರೂ ಕೊಂದರೋ?

ಇವತ್ತೇ ಒಂದು ಮಿಷನ್ನಿನ ಮುಚ್ಚಳ ಎತ್ತು. ಸೆಲ್ಲಿನ ಬಿರಡೆ ತಿರುಗಿಸಿ ಒಳಗೆ ಟಾರ್ಚು ಬಿಡು. ಬೀಡಿ ಸಿಗರೇಟು ಹತ್ತಿರ ಬೇಡ. ಪ್ಲೇಟು ನೀರಿನೊಳಗೆ ಮುಳುಗಿದೆಯೋ, ಬೇಸಿಗೆಯ ಕೆರೆ ಅಂಗಳದಂತೆ ತಲೆ ಎತ್ತಿ ನಿಂತಿದೆಯೋ ನೋಡು. ಟರ್ಮಿನಲ್ ಸುತ್ತ ಬಿಳಿ ಹಸಿರು ಪುಡಿ ಕಟ್ಟಿದ್ದರೆ ಅಡುಗೆ ಸೋಡಾ ನೀರಲ್ಲಿ ತೊಳೆದು ಒರೆಸು. ಹೈಡ್ರೋಮೀಟರ್ ಅದ್ದಿ ಆಸಿಡ್ ಎಳೆ. ಫುಲ್ ಚಾರ್ಜ್ ಆಗಿದ್ದರೆ 1.260ರ ಆಚೀಚೆ ಇರಬೇಕು. ಒಂದು ಸೆಲ್ ಮಾತ್ರ ಕೆಳಗಿದ್ದರೆ ಅದೊಂದೇ ಸೆಲ್ ಇಡೀ ಸಾಲನ್ನು ಎಳೆದು ಮಲಗಿಸುತ್ತಿದೆ ಅಂತ ತಿಳಿ. ನೀರು ಹಾಕುವುದಕ್ಕೂ ಹೊತ್ತು ಗೊತ್ತು ಇದೆ. ಪ್ಲೇಟು ಮುಚ್ಚುವಷ್ಟು ಮಾತ್ರ ಚಾರ್ಜಿಗೆ ಮುಂಚೆ, ಮಿಕ್ಕಿದ್ದು ಚಾರ್ಜ್ ಆದಮೇಲೆ. ಮುಂಚೆಯೇ ಗಂಟಲವರೆಗೆ ಹೊಯ್ದರೆ ಚಾರ್ಜಿನಲ್ಲಿ ಆಸಿಡ್ ಉಕ್ಕಿ ಹೊರಗೆ ಬರುತ್ತದೆ, ತಳ್ಳುವ ಅಕ್ಕನ ಸೀರೆ ತೂತಾಗುತ್ತದೆ. ಬೋರ್‌ವೆಲ್ ನೀರು ಸುತರಾಂ ಬೇಡ. ನಮ್ಮ ಸೀಮೆಯ ಗಡುಸು ನೀರು ಕುಡಿದ ಬ್ಯಾಟರಿಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಒಂದೂ ಬದುಕಲಿಲ್ಲ.

ಇದನ್ನೆಲ್ಲ ವಾರಕ್ಕೊಮ್ಮೆ ಮಾಡುವುದು ಯಾರ ಕೆಲಸ ಅಂತ ನಿನ್ನ ಸೂಪರ್‌ವೈಜರನ್ನು ಕೇಳು. ‘ಎಲ್ಲರೂ ನೋಡ್ಕೊಂತಾರೆ ಸರ್’ ಅಂದರೆ ಯಾರೂ ನೋಡುವುದಿಲ್ಲ ಅಂತ ಅರ್ಥ. ಅಲ್ಲಿಗೆ ನಿನ್ನ ಬ್ಯಾಟರಿ ಖರ್ಚಿನ ಅರ್ಧ ಗುಟ್ಟು ಬಯಲಾಯಿತು.

ಇನ್ನೊಂದು ತಮಾಷೆ ಹೇಳುತ್ತೇನೆ. ಹೈಡ್ರೋಜನ್ ಹೊಸ ನೆಂಟ ಅಂದುಕೊಂಡಿದ್ದೀಯಲ್ಲ, ಅದು ಇಷ್ಟು ದಿನ ನಿನ್ನ ಚಾರ್ಜಿಂಗ್ ರೂಮಿನಲ್ಲೇ ಇತ್ತು. ಲೆಡ್ ಆಸಿಡ್ ಬ್ಯಾಟರಿಗೆ ಚಾರ್ಜ್ ತುಂಬಿದ ಮೇಲೂ ಕರೆಂಟು ಕೊಡುತ್ತಾ ಹೋದರೆ ಒಳಗಿನ ನೀರು ಒಡೆದು ಹೈಡ್ರೋಜನ್, ಆಕ್ಸಿಜನ್ ಆಗಿ ಗುಳ್ಳೆ ಗುಳ್ಳೆ ಹೊರಡುತ್ತದೆ. ನೀರು ಕಮ್ಮಿಯಾಗುವುದು ಅದಕ್ಕೇ. ಗಾಳಿ ಆಡದ ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಚಾರ್ಜರ್ ಇಟ್ಟು ಬಾಗಿಲು ಹಾಕಬೇಡ ಅಂತ ನಾನು ಬಡಿದುಕೊಳ್ಳುವುದೂ ಅದಕ್ಕೇ. ಗ್ರಾಂ ಲೆಕ್ಕದ ಹೈಡ್ರೋಜನ್ನಿಗೆ ಕಿಟಕಿ ತೆರೆಯದವನು ಕಿಲೋ ಲೆಕ್ಕದ್ದನ್ನು ಹೇಗೆ ಸಾಕುತ್ತೀಯಪ್ಪಾ?

ಫ್ಯುಯೆಲ್ ಸೆಲ್ ವಿದ್ಯೆ ಹೊಸದೇನಲ್ಲ. ವಿಲಿಯಂ ಗ್ರೋವ್ ಎಂಬಾತ 1839ರ ಹೊತ್ತಿಗೇ ಬ್ರಿಟನ್ನಿನಲ್ಲಿ ಇದರ ಮೂಲ ತೋರಿಸಿದ್ದ. ಮನುಷ್ಯರನ್ನು ಚಂದ್ರನ ಬಳಿಗೆ ಒಯ್ದ ಅಪೋಲೊ ನೌಕೆಗೆ ಕರೆಂಟು ಕೊಟ್ಟದ್ದೂ, ಯಾತ್ರಿಗಳಿಗೆ ಕುಡಿಯುವ ನೀರು ಕೊಟ್ಟದ್ದೂ ಇದೇ. ನಮ್ಮ ಇಸ್ರೊದವರು 2024ರ ಜನವರಿ 1ರಂದು ಹಾರಿದ ಪಿಎಸ್‌ಎಲ್‌ವಿ ಸಿ58ರ ಕೊನೆ ಹಂತದಲ್ಲಿ ಇಂಥದ್ದೊಂದನ್ನು ಇಟ್ಟು ಆಕಾಶದಲ್ಲೇ ಪರೀಕ್ಷಿಸಿದರು. 180 ವಾಟ್ ಬಂತು. ನಿನ್ನ ಸ್ಕ್ರಬ್ಬರಿನ ಬ್ರಷ್ ಮೋಟರು, ನೀರು ಹೀರುವ ಮೋಟರು ಎರಡೂ ಸೇರಿ ಸಾವಿರ ವಾಟಿನ ಆಸುಪಾಸು ಕೇಳುತ್ತವೆ. ಇಸ್ರೊದವರನ್ನು ಆಡಿಕೊಳ್ಳುತ್ತಿಲ್ಲ, ಅವರ ಉದ್ದೇಶವೇ ಬೇರೆ. ಅವರು ಎಷ್ಟು ಚಿಕ್ಕದಾಗಿ ಶುರು ಮಾಡಿದರು ಅನ್ನುವುದನ್ನು ನೋಡು ಅಂತ ಅಷ್ಟೇ.

ಒಳಗೆ ನಡೆಯುವುದು ಇಷ್ಟು. ತೆಳ್ಳನೆಯ ಒಂದು ಪೊರೆ. ಅದರ ಎರಡೂ ಮೈಗೆ ಪ್ಲಾಟಿನಂ ಪುಡಿ ಸವರಿರುತ್ತಾರೆ. ಒಂದು ಕಡೆಯಿಂದ ಹೈಡ್ರೋಜನ್, ಇನ್ನೊಂದು ಕಡೆಯಿಂದ ಗಾಳಿ. ಹೈಡ್ರೋಜನ್ನಿನ ಒಂದಂಶ ಪೊರೆ ದಾಟಿ ಆಚೆ ಹೋಗುತ್ತದೆ, ಇನ್ನೊಂದಂಶ ತಂತಿ ಸುತ್ತಿ ಬರಬೇಕು. ಆ ಸುತ್ತಿ ಬರುವುದೇ ಕರೆಂಟು. ಆಚೆ ದಡದಲ್ಲಿ ಗಾಳಿಯ ಆಕ್ಸಿಜನ್ ಜೊತೆ ಕೂಡಿ ನೀರಾಗುತ್ತದೆ. ಹೊಗೆ ಇಲ್ಲ, ಗದ್ದಲ ಇಲ್ಲ. ‘ಅಜ್ಜಾ, ಮಿಷನ್ನಿಗೆ ಬೇಕಾದ ನೀರು ಮಿಷನ್ನೇ ಮಾಡ್ಕೊಂತದೆ’ ಅಂತ ಮೊನ್ನೆ ಹೇಳಿದೆಯಲ್ಲ, ಅದಕ್ಕೆ ಮಾತ್ರ ನಗು ತಡೆಯಲಾಗಲಿಲ್ಲ. ಒಂದು ಕಿಲೋ ಹೈಡ್ರೋಜನ್ನಿಗೆ 9 ಲೀಟರ್ ನೀರು. ನಿನ್ನ ಮಿಷನ್ನಿನ ಒಂದು ಚಾರ್ಜಿಗೆ ಸಮನಾಗಿ ಬೇಕಾದದ್ದು ಕಾಲು ಕಿಲೋಗಿಂತ ಚೂರು ಹೆಚ್ಚು. ಅಂದರೆ ಎರಡೂವರೆ ಲೀಟರಿನಷ್ಟು ನೀರು. ಒಂದು ಕೋಣೆ ಮೂಲೆ ತೊಳೆಯಬಹುದು.

ಬ್ಯಾಟರಿಯಿಂದ ಬಿಡುಗಡೆ ಅಂತ ಬೇರೆ ಹಿಗ್ಗಿದ್ದೀಯ. ಆ ಸೆಲ್ಲಿನ ಮಿಷನ್ನಿನ ಮುಚ್ಚಳವನ್ನೂ ಎತ್ತಿ ನೋಡಪ್ಪಾ. ಒಳಗೆ ಚಿಕ್ಕದೊಂದು ಬ್ಯಾಟರಿ ಕೂತಿರುತ್ತದೆ. ಬ್ರಷ್ಷು ಒಮ್ಮೆಲೇ ಜೋರು ಕೇಳಿದರೆ ಸೆಲ್ಲು ತಕ್ಷಣ ಕೊಡಲಾರದು, ಆಗ ಆಸರೆಗೆ ಬೇಕು. 2022ರ ಮಾರ್ಚ್ 30ರಂದು ಗಡ್ಕರಿ ಸಾಹೇಬರು ಪಾರ್ಲಿಮೆಂಟಿಗೆ ಹತ್ತಿಕೊಂಡು ಹೋದರಲ್ಲ ಟೊಯೋಟಾ ಮಿರಾಯ್, ಅದರಲ್ಲೂ ಬ್ಯಾಟರಿ ಇದೆ.

ಈಗ ಲೆಕ್ಕಕ್ಕೆ ಬಾ. ನೀನು ಬಿಲ್ಲು ನೋಡದೆ ಬ್ರೋಷರು ನೋಡುವವನು, ಅದಕ್ಕೇ ನಿಧಾನವಾಗಿ ಹೇಳುತ್ತೇನೆ. ನೀರು ಒಡೆದು ಒಂದು ಕಿಲೋ ಹೈಡ್ರೋಜನ್ ಮಾಡಲು 50ರಿಂದ 55 ಯೂನಿಟ್ ಕರೆಂಟು ಬೇಕು. ಅದನ್ನು ಒತ್ತಿ ಸಿಲಿಂಡರಿಗೆ ತುಂಬಲು ಇನ್ನೂ ಒಂದಷ್ಟು. ಅದೇ ಕಿಲೋ ನಿನ್ನ ಮಿಷನ್ನಿನ ಸೆಲ್ಲಿಗೆ ಹೋದರೆ ಕೈಗೆ ಬರುವುದು 16 ಯೂನಿಟ್‌ನಷ್ಟು. ಮೂರನೇ ಒಂದು ಪಾಲೂ ಇಲ್ಲ. ಕೊಟ್ಟೂರು ಮಾರುಕಟ್ಟೆಗೆ ಮೆಕ್ಕೆಜೋಳ ಹಾಕಿದಾಗ ಹಮಾಲಿ, ತೂಕ, ದಲಾಲಿ ಅಂತ ದಾಟಿದ ಕೈಗಳೆಲ್ಲ ಹಿಡಿದುಕೊಂಡು ಮಿಕ್ಕಿದ್ದು ನಿನ್ನಪ್ಪನ ಜೇಬಿಗೆ ಬರುತ್ತಿತ್ತಲ್ಲ, ಹಾಗೆ. ಬ್ಯಾಟರಿಯ ದಲಾಲಿ ಕಮ್ಮಿ. ಗೋಡೆಯ ಪಾಯಿಂಟಿನಿಂದ ನೂರು ಯೂನಿಟ್ ಎಳೆದರೆ ಲೆಡ್ ಆಸಿಡ್ ಎಪ್ಪತ್ತರಷ್ಟು ವಾಪಸು ಕೊಡುತ್ತದೆ, ಲಿಥಿಯಂ ತೊಂಬತ್ತರ ಹತ್ತಿರ. ಲಿಥಿಯಮ್ಮಿಗೆ ನೀರು ಹೊಯ್ಯುವ ಗೋಳಿಲ್ಲ. ಊಟದ ಬಿಡುವಿನಲ್ಲಿ ಅರ್ಧ ತಾಸು ಚುಚ್ಚಿದರೂ ತುಂಬಿದಷ್ಟು ಲಾಭ. ಕೊಳ್ಳುವಾಗ ದುಬಾರಿ. ಆದರೂ ನಿನ್ನಂಥ ಎರಡು ಪಾಳಿಯ ಗುತ್ತಿಗೆದಾರನಿಗೆ ಈಗ ಹೊಂದುವುದು ಅದೇ ಅಂತ ನನ್ನ ಖಚಿತ ಅಭಿಪ್ರಾಯ.

ಹೈಡ್ರೋಜನ್ ನಮ್ಮ ಸೀಮೆಗೆ ದೂರದ್ದಲ್ಲ ಅನ್ನುವುದೂ ನಿಜ. ಪಕ್ಕದ ತೋರಣಗಲ್ಲಿನ ಉಕ್ಕಿನ ಕಾರ್ಖಾನೆ ಬಳಿ ಜೆಎಸ್‌ಡಬ್ಲ್ಯು ಎನರ್ಜಿ ಕಂಪನಿ 2025ರಲ್ಲಿ ಹಸಿರು ಹೈಡ್ರೋಜನ್ ಘಟಕ ಶುರು ಮಾಡಿತು. ವರ್ಷಕ್ಕೆ 3,800 ಟನ್, ಅಂದರೆ ದಿನಕ್ಕೆ ಹತ್ತು ಟನ್ನಿನಷ್ಟು. ಬಸ್ಸು ಹತ್ತಿದರೆ ಮಧ್ಯಾಹ್ನದೊಳಗೆ ಅದರ ಗೇಟಿನ ಮುಂದೆ ನಿಲ್ಲಬಹುದು. ಗೇಟಿನ ಮುಂದೆ ಮಾತ್ರ. ಆ ಗ್ಯಾಸು ಒಪ್ಪಂದದ ಪ್ರಕಾರ ಕಬ್ಬಿಣದ ಅದಿರಿನಿಂದ ಆಕ್ಸಿಜನ್ ಎಳೆಯುವ ಕೆಲಸಕ್ಕೆ ಹೋಗುತ್ತದೆ. ಅಲ್ಲಿ ಕಲ್ಲಿದ್ದಲು, ಬೇರೆ ಗ್ಯಾಸುಗಳ ಬದಲಿಗೆ ಹೈಡ್ರೋಜನ್ನಿಗೆ ನಿಜವಾದ ಕೆಲಸ ಇದೆ. ನಿನ್ನ ಕಾಲು ಕಿಲೋಗೆ ಅವರು ಯಾಕೆ ಕೈ ನೀಡುತ್ತಾರೆ? ಕೇಂದ್ರ ಸರ್ಕಾರ 2023ರ ಜನವರಿ 4ರಂದು 19,744 ಕೋಟಿಯ ಹಸಿರು ಹೈಡ್ರೋಜನ್ ಯೋಜನೆ ಒಪ್ಪಿತು. 2030ಕ್ಕೆ ವರ್ಷಕ್ಕೆ 50 ಲಕ್ಷ ಟನ್ ಅನ್ನುವ ಗುರಿ. ಅದರಲ್ಲೂ ಮುಂಚೂಣಿಯಲ್ಲಿರುವುದು ಗೊಬ್ಬರ, ರಿಫೈನರಿ, ಉಕ್ಕು, ಹಡಗು. ನೆಲ ಒರೆಸುವವರ ಪಾಳಿ ಬರಲು ಹೊತ್ತಿದೆ.

ನನಗೆ ಇದಕ್ಕಿಂತ ಹಿಡಿಸಿದ್ದು ಬೆಂಗಳೂರಿನ ಐಐಎಸ್‌ಸಿಯಲ್ಲಿ ಪ್ರೊಫೆಸರ್ ದಾಸಪ್ಪನವರ ತಂಡ ಮಾಡಿದ ಕೆಲಸ. ಒಣ ಕಸಕಡ್ಡಿಯನ್ನು ಆಕ್ಸಿಜನ್, ಹಬೆ ಜೊತೆ ಕಾಯಿಸಿ ಹೈಡ್ರೋಜನ್ ತೆಗೆಯುತ್ತಾರೆ. ಒಂದು ಕಿಲೋ ಕಸಕಡ್ಡಿಯಲ್ಲಿ ಇರುವುದೇ 60 ಗ್ರಾಂ ಹೈಡ್ರೋಜನ್, ಇವರು ತೆಗೆಯುವುದು 100 ಗ್ರಾಂ. ಮಿಕ್ಕಿದ್ದು ಹಬೆಯಿಂದ ಬರುತ್ತದೆ. ಹರಪನಹಳ್ಳಿ ಸೀಮೆಯ ಮೆಕ್ಕೆಜೋಳದ ದಂಟು, ನಮ್ಮ ಶೇಂಗಾ ಹೊಟ್ಟು ನೆನಪಾಯಿತು ನನಗೆ. ನಿನಗೆ ಬ್ಯಾಟರಿ ಕಿತ್ತೆಸೆಯುವ ಆತುರದಲ್ಲಿ ಇಂಥದ್ದು ಕಣ್ಣಿಗೆ ಬೀಳುವುದಿಲ್ಲ.

ಈಗ ನಿನ್ನ ಬ್ರೋಷರಿನಲ್ಲಿ ಇಲ್ಲದ ಒಂದು ವಿಷಯ. ಇದನ್ನು ಗಮನ ಇಟ್ಟು ಓದು. ಬ್ಯಾಟರಿ ಉಸಿರಾಡುವುದಿಲ್ಲ. ಫ್ಯುಯೆಲ್ ಸೆಲ್ ಉಸಿರಾಡುತ್ತದೆ. ಹೊರಗಿನ ಗಾಳಿ ಎಳೆದುಕೊಂಡೇ ಅದು ದುಡಿಯಬೇಕು. ನಿನ್ನ ಮಿಷನ್ನು ಓಡಾಡುವ ಗಾಳಿ ಎಂಥದ್ದು? ಆಸ್ಪತ್ರೆ ನೆಲಕ್ಕೆ ಹೈಪೋ ಹೊಯ್ದಿರುತ್ತೀರಿ, ಕ್ಲೋರಿನ್ ವಾಸನೆ ಮೂಗಿಗೆ ಹೊಡೆಯುತ್ತಿರುತ್ತದೆ. ಗಾಜು ಒರೆಸುವ ದ್ರವದಲ್ಲಿ ಅಮೋನಿಯ. ಬಚ್ಚಲಿಗೆ ಆಸಿಡ್. ಅಮೋನಿಯ ಒಳಹೊಕ್ಕರೆ ಪೊರೆ ಕರೆಂಟಿನ ದಾರಿ ಬಿಗಿಯುತ್ತದೆ. ಕ್ಲೋರಿನ್ನಿನ ಅಂಶ ಪ್ಲಾಟಿನಮ್ಮನ್ನು ಕರಗಿಸುತ್ತಾ ಬರುತ್ತದೆ. ಧೂಳಿನ ಮಾತು ಬೇರೆ. ಇವಕ್ಕೆಲ್ಲ ತಕ್ಕ ಫಿಲ್ಟರು ಹಾಕುತ್ತಾರೆ, ಸರಿ. ಆ ಫಿಲ್ಟರು ಬದಲಾಯಿಸುವುದು ಯಾರ ಕೆಲಸ? ಮತ್ತೆ ಅದೇ ‘ಎಲ್ಲರೂ ನೋಡ್ಕೊಂತಾರೆ ಸರ್’. ಬ್ಯಾಟರಿ ಬಡಪಾಯಿ, ನೀನು ನೀರು ಮರೆತರೂ ತಿಂಗಳುಗಟ್ಟಲೆ ಗೊಣಗಿಕೊಂಡು ದುಡಿಯಿತು. ಇದು ಅಷ್ಟು ತಾಳ್ಮೆಯದಲ್ಲ.

ಗ್ಯಾಸಿನದೂ ಮಡಿ ಹೆಚ್ಚು. ಸೆಲ್ಲಿಗೆ 99.97ರಷ್ಟು ಶುದ್ಧ ಬೇಕು ಅನ್ನುತ್ತದೆ ಅಂತಾರಾಷ್ಟ್ರೀಯ ಮಾನದಂಡ. ಕಾರ್ಬನ್ ಮಾನಾಕ್ಸೈಡ್ ಹತ್ತು ಲಕ್ಷದಲ್ಲಿ 0.2 ಪಾಲು ದಾಟಬಾರದು. ಗ್ಯಾಸ್ ಏಜೆನ್ಸಿಯವನು ‘ಎಲ್ಲಾ ಒಂದೇ ಸಾರ್’ ಅಂತ ತಂದಿಳಿಸಿದ್ದನ್ನು ತುಂಬಿದರೆ ಪ್ಲಾಟಿನಮ್ಮಿಗೆ ವಿಷ ಉಣ್ಣಿಸಿದಂತೆ.

ಪರದೇಶದ ಕತೆ ಒಂದು ಕೇಳು. ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನಲ್ಲಿ 2009ರಲ್ಲಿ ಹೈಡ್ರೋಜನ್ ಸೆಲ್ಲಿನ ಬೀದಿ ಗುಡಿಸುವ ಗಾಡಿ ಇಳಿಸಿದರು. ಬುಖರ್ ಎಂಬ ಕಂಪನಿ, ಅಲ್ಲಿನ ಎಂಪಾ, ಪಾಲ್ ಶೆರರ್ ಸಂಶೋಧನಾ ಸಂಸ್ಥೆಗಳು ಸೇರಿ ಮಾಡಿದ್ದು. ಡೀಸೆಲ್ ಗಾಡಿಯ ಬದಲಿಗೆ, ಸಂಸ್ಥೆಯ ಎಂಜಿನಿಯರುಗಳು ಬೆನ್ನಿಗಿದ್ದು, ದಿನನಿತ್ಯದ ಕೆಲಸದಲ್ಲೇ ಪರೀಕ್ಷೆ ಮಾಡಿದರು. ಇವತ್ತು ಅದೇ ಬುಖರ್ ಬ್ಯಾಟರಿಯ ಗುಡಿಸುವ ಗಾಡಿ ಮಾರುತ್ತಿದೆ. ಹೈಡ್ರೋಜನ್ ಸೋತಿತು ಅಂತ ನಾನು ಹೇಳುವುದಿಲ್ಲ. ಮೂರೂ ಪಾಳಿ ನಿಲ್ಲದೆ ಓಡುವ, ಒಂದೇ ಸೂರಿನಡಿ ನೂರು ಗಾಡಿ ಇರುವ, ತನ್ನದೇ ಗ್ಯಾಸ್ ಪಂಪು ಇಟ್ಟುಕೊಳ್ಳಬಲ್ಲ ಗೋದಾಮಿಗೆ ಅದು ಸರಿಹೋಗುತ್ತದೆ. ನಿನ್ನ ಮಿಷನ್ನುಗಳು ಎಂಟು ಬೇರೆ ಬೇರೆ ಕಟ್ಟಡದಲ್ಲಿ ಒಂದೊಂದು ಎರಡೆರಡು ಹರಡಿಕೊಂಡಿವೆ. ಎಂಟು ಕಡೆ ಸಿಲಿಂಡರು, ಎಂಟು ಕಡೆ ಪರವಾನಗಿ, ಎಂಟು ಕಡೆ ವಾಚ್‌ಮನ್ನಿನ ಕೈಯಲ್ಲಿ ಬೀಡಿ.

ಇದಕ್ಕೆಲ್ಲ ಸಾಲ ಮಾಡುವ ಯೋಚನೆ ಇದ್ದರೆ, ಅದರ ಮಾತನ್ನೂ ಹೇಳಿಬಿಡುತ್ತೇನೆ. ನೀನು ಆಗ ಚಡ್ಡಿ ಹುಡುಗ. ಸಂಡೂರಿನ ಅದಿರಿಗೆ ಚೀನಾ ಬೆಲೆ ಬಂದು, ನಮ್ಮ ರಸ್ತೆಯಲ್ಲಿ ಹಗಲು ರಾತ್ರಿ ಲಾರಿ. ನಮ್ಮಲ್ಲಿ ಹೊಲ ಅಡವಿಟ್ಟು ಲಾರಿ ಕೊಂಡವರಿಗೆ ಲೆಕ್ಕವಿಲ್ಲ. ನನ್ನ ಅಂಗಡಿಗೂ ಸುಗ್ಗಿ, ಇಲ್ಲ ಅನ್ನುವುದಿಲ್ಲ. 2011ರ ಜುಲೈ 29ಕ್ಕೆ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿ ನಿಲ್ಲಿಸಿತು. ಲಾರಿಗಳು ಊರ ಹೊರಗೆ ಸಾಲಾಗಿ ನಿಂತವು, ಕಂತು ಮಾತ್ರ ನಿಲ್ಲಲಿಲ್ಲ. ನಿಂತ ಲಾರಿಯ ಬ್ಯಾಟರಿ ಬಿಚ್ಚಿ ಮಾರಲು ಬಂದವರ ಮುಖ ನೋಡಿದ್ದೇನೆ ನಾನು. ಆ ಲಾರಿಯಲ್ಲಿ ದೋಷ ಇರಲಿಲ್ಲ. ಅದಿರು ಬಂದಾಗ ಮಾತ್ರ ಓಡುವ ಲಾರಿಗೆ ಅದಿರು ಯಾರ ಕೈಯಲ್ಲಿದೆ ಅಂತ ಕೇಳಿದವರು ಕಮ್ಮಿ. ನೀನು ಕೇಳು. ನಿನ್ನ ಹೈಡ್ರೋಜನ್ ಯಾರ ಕೈಯಲ್ಲಿದೆ? ಆ ಒಬ್ಬ ಏಜೆನ್ಸಿಯವನು ನಾಳೆ ಬರಲ್ಲ ಅಂದರೆ ಏನು ಮಾಡುತ್ತೀಯ? ಕರೆಂಟು ಎಲ್ಲ ಗೋಡೆಯಲ್ಲೂ ಇದೆ.

ಮಿಷನ್ನು ಬದಲಾಯಿಸುವ ಮೊದಲು ಅದನ್ನು ತಳ್ಳುವ ಅಕ್ಕನ ಜೊತೆ ಒಂದು ಪಾಳಿ ಪೂರ್ತಿ ನಡೆ. ನಿನ್ನ ಬೂಟು ಒದ್ದೆಯಾಗಲಿ. ಬ್ಯಾಟರಿ ಮುಗೀತು ಅಂತ ರಿಜಿಸ್ಟರಿನಲ್ಲಿ ಬರೆದಿರುವ ಎಷ್ಟೋ ದಿನ ನಿಜವಾಗಿ ಆದದ್ದೇನು ಅಂತ ಅವಳು ಹೇಳುತ್ತಾಳೆ. ಹಿಂದಿನ ಸ್ಕ್ವೀಜಿ ರಬ್ಬರು ಸವೆದು ನೀರು ಎಳೆಯದೆ ಪಟ್ಟೆ ಪಟ್ಟೆ ಉಳಿಯುತ್ತದೆ. ಅದಕ್ಕೆ ಅವಳು ಅದೇ ಜಾಗಕ್ಕೆ ಎರಡು ಮೂರು ಸಲ ಹೋಗುತ್ತಾಳೆ. ಬ್ಯಾಟರಿ ಬೇಗ ಇಳಿಯದೆ ಇನ್ನೇನು? ಆ ರಬ್ಬರನ್ನು ಬಿಚ್ಚಿ ತಿರುಗಿಸಿ ಹಾಕಿದರೆ ಹೊಸ ಅಂಚು ಸಿಗುತ್ತದೆ, ಕಾಸೂ ಖರ್ಚಿಲ್ಲ. ಹೀರುವ ಪೈಪಿನಲ್ಲಿ ಕೂದಲು, ಬ್ಯಾಂಡೇಜಿನ ನೂಲು ಕಟ್ಟಿಕೊಂಡಿರುತ್ತದೆ. ಅವಳಿಗೆ ಇದೆಲ್ಲ ಗೊತ್ತು, ಹೇಳಿದರೆ ತನ್ನ ತಲೆ ಮೇಲೆ ಬರುತ್ತದೆ ಅಂತ ಸುಮ್ಮನಿರುತ್ತಾಳೆ. ನೀನು ಕೇಳುವ ಧಾಟಿ ನನಗೆ ಗೊತ್ತಿದೆ, ಅದಕ್ಕೇ ಹೇಳಿದೆ. ಮೊದಲು ಟೀ ಕುಡಿಸು, ಆಮೇಲೆ ಕೇಳು.

ಇಷ್ಟಾದ ಮೇಲೂ ಒಂದಾದರೂ ಹೈಡ್ರೋಜನ್ ಮಿಷನ್ನು ನೋಡಲೇಬೇಕು ಅನ್ನಿಸಿದರೆ, ನೋಡು. ನಿನ್ನ ವಯಸ್ಸಿಗೆ ಆ ಚಪಲ ಇರಬೇಕು. ಕೊಳ್ಳಬೇಡ, ಬಾಡಿಗೆಗೆ ಕೇಳು. ಆಸ್ಪತ್ರೆಗೆ ಹಾಕಬೇಡ, ಅಲ್ಲಿ ಆಕ್ಸಿಜನ್ ಸಿಲಿಂಡರುಗಳು ಓಡಾಡುತ್ತಿರುತ್ತವೆ. ಗಾಳಿ ಆಡುವ ಗೋದಾಮು ಆರಿಸು. ಹೈಡ್ರೋಜನ್ ಸಿಲಿಂಡರು ಕೆಂಪು ಬಣ್ಣದ್ದು, ಅರ್ಧ ಕ್ವಿಂಟಲ್ ಮೀರಿದ ಉಕ್ಕು, ಒಳಗಿರುವ ಗ್ಯಾಸು ಅರ್ಧ ಕಿಲೋ ಮಾತ್ರ. ಅದರ ವಾಲ್ವಿನ ಮರೆ ಉಲ್ಟಾ, ಎಡಕ್ಕೆ ತಿರುಗಿಸಿದರೆ ಬಿಗಿಯುತ್ತದೆ. ಹೊಸ ಹುಡುಗರು ಸ್ಪ್ಯಾನರ್ ಹಾಕಿ ಹಿಂದುಮುಂದು ಎಳೆದಾರು, ಮೊದಲೇ ತೋರಿಸಿಕೊಡು. ವಾಸನೆ ಇಲ್ಲ, ಬಣ್ಣ ಇಲ್ಲ, ಹೊತ್ತಿಕೊಂಡರೂ ಹಗಲಿನಲ್ಲಿ ಉರಿ ಕಾಣುವುದಿಲ್ಲ. ಗಾಳಿಯಲ್ಲಿ ನೂರಕ್ಕೆ ನಾಲ್ಕು ಪಾಲು ಸೇರಿದರೆ ಸಾಕು, ಒಂದು ಕಿಡಿಗೆ ಹೊತ್ತುತ್ತದೆ. ಅಡುಗೆ ಗ್ಯಾಸು ನೆಲಕ್ಕೆ ಕೂರುತ್ತದೆ, ಇದು ಸೂರಿಗೆ ಏರುತ್ತದೆ. ಆದ್ದರಿಂದ ಗವಾಕ್ಷಿ ಮೇಲಿರಬೇಕು, ಸೋರಿಕೆ ಹಿಡಿಯುವ ಸೆನ್ಸರೂ ಮೇಲೆಯೇ. ಪ್ರತಿ ಜೋಡಣೆಗೂ ಸೋಪಿನ ನೊರೆ ಹಚ್ಚಿ ಗುಳ್ಳೆ ಏಳುತ್ತದೆಯೋ ನೋಡಿ ಆಮೇಲೆ ಸ್ವಿಚ್ಚು. ಸಿಲಿಂಡರು ಇಡುವುದಕ್ಕೆ 2016ರ ಗ್ಯಾಸ್ ಸಿಲಿಂಡರ್ ನಿಯಮಗಳಿವೆ, ಪರವಾನಗಿಗೆ ನಾಗಪುರದಲ್ಲಿ ಪೆಸೊ ಅಂತ ಕೇಂದ್ರದ ಕಚೇರಿ ಇದೆ. ‘ಅದೆಲ್ಲ ನಾವು ಮಾಡಿಸ್ಕೊಡ್ತೀವಿ’ ಅಂತ ಮಾರುವವನು ಅಂದರೆ ಕಾಗದ ಕೈಗೆ ಬರುವವರೆಗೆ ಒಂದು ರೂಪಾಯಿ ಕೊಡಬೇಡ.

ಕರಾರಿನಲ್ಲಿ ಫಿಲ್ಟರು ಯಾರದು, ಪೊರೆ ಕೆಟ್ಟರೆ ಯಾರು ಬದಲಾಯಿಸುತ್ತಾರೆ, ಗ್ಯಾಸು ಬರದ ದಿನ ಯಾರು ದಂಡ ಕಟ್ಟುತ್ತಾರೆ ಅನ್ನುವುದನ್ನು ಕನ್ನಡದಲ್ಲೇ ಬರೆಸಿ ಸಹಿ ಹಾಕಿಸು. ಅಷ್ಟರೊಳಗೆ ನಿನ್ನ ಹಳೆ ಬ್ಯಾಟರಿಗಳ ನೀರಿನ ರಿಜಿಸ್ಟರು ಒಂದು ತಿಂಗಳಿನದು ಬರೆದಿರುತ್ತೀಯಲ್ಲ, ಅದರ ಫೋಟೋ ನನಗೆ ಕಳಿಸು. ನಿನ್ನ ಕೈಬರಹ ಬೇಡ, ಆ ಅಕ್ಕನ ಕೈಲಿ ಬರೆಸು, ಓದಲಿಕ್ಕೆ ಬರುತ್ತದೆ.